ನಲವತ್ತೇಳು ಗಂಟು

ಸಾರವಾಡ ದಾಟಿ ಡೋಣಿ ದಂಡೆಗೆ ಇಳಿದರೆ
ಹರಣಶಿಕಾರಿಗಳ ಹದಿನೆಂಟು ಗುಡಿಸಲು.
ನಮ್ಮ ಜೀಪು ಕಂಡ ಕೂಡಲೇ
ಹದಿನೆಂಟೂ ಖಾಲಿ.
ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು,
ಒಂದು ಕುರುಡು ನಾಯಿ,
ಕೂಸಿಲ್ಲದೆ ಇನ್ನೂ ತೂಗುತ್ತಿದ್ದ ಸೀರೆಯ ಜೋಲಿ.
ಆಳೆತ್ತರದ ಜೋಳದೊಳಗೆ ಎಲ್ಲೋ ಯಾವುದೋ ಮಗು ಕೆಮ್ಮಿತು,
ಯಾರೋ ಅದರ ಬಾಯಿ ಮುಚ್ಚಿದರು.

ಮೂರು ಸಲ ಹೀಗೇ ಬಂದು ಹೋದೆ.
ರಜಿಸ್ಟರಿನಲ್ಲಿ ಬರೆದೆ: ಮನೆ ಬೀಗ.
ಬೀಗ ಹಾಕಲು ಅಲ್ಲಿ ಬಾಗಿಲೇ ಇರಲಿಲ್ಲ.

ನಾಲ್ಕನೆಯ ಸಲ ಚಿಮಣವ್ವ ಒಬ್ಬಳೇ ಕೂತಿದ್ದಳು,
ಕಾಲ ಹೆಬ್ಬೆರಳಿಗೆ ದಾರ ಸಿಕ್ಕಿಸಿ
ಬುರ್ಲಿ ಹಿಡಿಯುವ ಉರುಲು ಹೊಸೆಯುತ್ತ.
ತಲೆ ಎತ್ತದೆ ಕೇಳಿದಳು:
"ಬಾಯಾರ, ಕೌಜಗ ಹಿಡಿಯಾಕ ಯಾರರ ಹಾರ್ನ್ ಹೊಡೀತಾರೇನು?"

ಆಮೇಲೆ ನನಗೋ ದಾರಕ್ಕೋ ಹೇಳಿದಳು:
"ನಮ್ಮಪ್ಪ ಹುಟ್ಟಿದ್ದು ಬಿಜಾಪುರದ ಸೆಟ್ಲಮೆಂಟಿನಾಗ, ತಂತಿಬೇಲಿ ಒಳಗ.
ದಿನಾ ಹಾಜರಿ. ಹೆಸರು ಕರದರ ಓ ಅನಬೇಕು,
ಹೆಬ್ಬಟ್ಟು ಒತ್ತಬೇಕು.
ಊರಾಗ ಕುರಿ ಕಳದರ ಅದ ಪಟ್ಟಿ, ಅದ ಜೀಪು.
ಬೇಲಿ ಕಿತ್ತು ಎಷ್ಟೋ ವರ್ಷ ಆತು,
ಸಾಯೂತನಕ ನಮ್ಮಪ್ಪ
ಹೆಸರು ಕರದರ ಎದ್ದು ನಿಂದರತಿದ್ದ.
ನೀ ಬಂದು ಮೊದಲ ಕೇಳೂದೇನ?
ಹೆಸರೇನು, ತಂದಿ ಹೆಸರೇನು, ಎಷ್ಟು ಮಂದಿ."

ಪೆನ್ನಿಗೆ ಟೋಪಿ ಹಾಕಿದೆ. ಬೇರೇನು ಮಾಡಲಿ?

ಜೀಪು ಹಳ್ಳದ ಆಚೆ.
ಖಾಕಿ ಅಂಗಿಯ ಡ್ರೈವರು ಜೀಪಿನಲ್ಲೇ.
ಪಿನ್ನು, ಬಾಚಣಿಗೆ ಮಾರಿದ ಹೆಂಗಸರು ಸಂತೆಯಿಂದ ತಿರುಗುವ ಹೊತ್ತು,
ದೀಪ ಹಚ್ಚಿದ ಮೇಲೆ.
"ಬರ್ಫದ ಡಬ್ಬಿ ನೀ ಹೊರು. ಪಟ್ಟಿ ನಾ ತರತೀನಿ."

ಪಂಚರು ಎರಡು ರಾತ್ರಿ ಕೂತರಂತೆ.
ಅಲ್ಲಿ ನಾನಿರಲಿಲ್ಲ, ಕೇಳಿದ್ದಿಷ್ಟು:
ಸೂಜಿ ಚುಚ್ಚಿಸಿಕೊಂಡ ಕೂಸು ದೇವಿಗೆ ಮುಡಚಟ್ಟು
ಅಂದನಂತೆ ಹಿರಿಯ ಪಂಚ ಸುಪಡ್ಯಾ.
ಚಿಮಣವ್ವ ಎದ್ದು,
ಹೋದ ಮಾಘದಲ್ಲಿ ದಡಾರ ತಿಂದ
ಎರಡು ಕೂಸುಗಳ ಹೆಸರು ಹೇಳಿ
ಕೂತುಬಿಟ್ಟಳಂತೆ.
ಒಂದು, ಸುಪಡ್ಯಾನ ಮೊಮ್ಮಗಳ ಹೆಸರು.

ಆ ಸಂಜೆ ಅವಳು ತಂದ ಪಟ್ಟಿ ಒಂದು ದಾರ.
ಗುಡಿಸಲಿಗೊಂದು ಬಣ್ಣದ ಚಿಂದಿ,
ಚಿಂದಿಯ ಕೆಳಗೆ ಗಂಟು, ಗಂಟು.
ನನ್ನ ರಜಿಸ್ಟರಿನಲ್ಲಿ ಮೂವತ್ತೊಂದು.
ದಾರದಲ್ಲಿ ನಲವತ್ತೇಳು.
ಎರಡು ಸಲ ಎಣಿಸಿದೆ, ಬೆರಳಿಗೆ ಎಣ್ಣೆ ಮೆತ್ತಿತು.
ಯಾವ ಕಾಗದಕ್ಕೂ ಸಿಗದ ಮಕ್ಕಳು
ಇಷ್ಟು ದಿನ ಡೋಣಿಯ ಉಪ್ಪುನೀರು ಕುಡಿದು
ನನ್ನ ಲೆಕ್ಕದ ಹೊರಗೆ ಆಡಿಕೊಂಡಿದ್ದವು.

ಹೆಸರು ಹಿಡಿದು ಯಾರನ್ನೂ ಕರೆಯಲಿಲ್ಲ.
ಜೋಳದ ಕಡೆಗೆ ಬಾಯಿ ಮಾಡಿ
ಚಿಮಣವ್ವ ಕೌಜಗದ ಹಾಗೆ ಕೂಗಿದಳು.
ತೆನೆ ಅಲುಗಿದವು.
ಬಂದರು, ಕಂಕುಳಲ್ಲಿ ಒಂದು, ಬೆನ್ನಿಗೆ ಒಂದು.

ಒಂದು ಸೂಜಿ, ಒಂದು ಅಳು, ಅವಳ ಕೈಯಲ್ಲಿ ಬಿಚ್ಚಿದ ಒಂದು ಗಂಟು.
ಗುರುತಿನ ಶಾಯಿಗೆ
ಮೊದಲ ಹುಡುಗನ ಹೆಬ್ಬೆರಳು ಹಿಡಿದೆ ನೋಡಿ,
ನನ್ನ ಮುಂಗೈ ಹಿಡಿದಳು.
"ಆ ಬೆರಳಿಗಿ ಬ್ಯಾಡ."
ನಿಯಮ ಹೆಬ್ಬೆರಳೇ ಅನ್ನುತ್ತದೆ.
ಹಚ್ಚಿದೆ, ಎಲ್ಲರಿಗೂ, ಕಿರುಬೆರಳಿಗೆ.
ಸಾಹೇಬರು ಕೇಳಿದರೆ ಕತ್ತಲಿತ್ತು ಅನ್ನಬಹುದು.

ಮಕ್ಕಳು ಮುಗಿದರು. ದಾರದ ತುದಿಗೆ ಇನ್ನೂ ಎರಡು ಗಂಟು,
ಬಿಗಿಯಾಗಿ, ಅಕ್ಕಪಕ್ಕ.
"ಇವೆಲ್ಲಿ?" ಅಂದವಳು
ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡೆ.
ಅವಳು ದಾರ ಸುತ್ತಿ ಕುಪ್ಪಸದೊಳಗೆ ಇಟ್ಟಳು.

ಹಳ್ಳದ ತನಕ ಕಳಿಸಲು ಬಂದಳು.
ಕೇಳದೆ ನನ್ನ ಸೆರಗು ಎಳೆದು
ತುದಿಗೊಂದು ಗಂಟು ಹಾಕಿದಳು.
"ನನ್ನ ಸೊಸೀದು. ಶಿವರಾತ್ರಿ ಮುಂದ ಹುಟ್ಟತೈತಿ.
ಬರ್ಕೋಬ್ಯಾಡ, ನೆನಪಿಟ್ಕೋ."

ಎರಡು ಸಲ ಸೀರೆ ಒಗೆದೆ.
ಗಂಟು ಒಣಗಲು ತಡವಾಗುತ್ತದೆ.