ಬಂದೋಬಸ್ತು

ಮೂರು ದಿನ, ಹನ್ನೆರಡು ಆಟ.
ಹೊರಗೆ ಘೋಷಣೆ. ಒಳಗೆ ನಾನು, ನನ್ನ ಲಾಠಿ,
ಕಡ್ಲೆಕಾಯಿ ಸುಲಿಯುವ ನಾಲ್ಕು ಜನ.
ತೆರೆಯ ಮೇಲೊಬ್ಬ ದೇವರಿಲ್ಲ ಅಂದ,
ಹನ್ನೆರಡು ಸಲವೂ ಅಲ್ಲೇ, ಅದೇ ಗಂಟಲಲ್ಲಿ.
ಐದನೇ ಆಟಕ್ಕೆ ನನಗೂ ಬಾಯಿಪಾಠ.

‘ನೋಡ್ಬೇಡಿ, ಕಣ್ಮುಚ್ಕಳಿ’ ಅಂದಳು ಫೋನಿನಲ್ಲಿ ರಾಜಮ್ಮಣಿ.
ಮುಚ್ಚಿದೆ.
ಚೆಲುವಾಂಬ ಆಸ್ಪತ್ರೆಯ ಮೆಟ್ಟಿಲು ಕಂಡಿತು:
ಆರು ದಿನದ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದರು.
ಅವತ್ತು ಬೆಟ್ಟದ ಕಡೆ ತಿರುಗಿ ನಾನಂದದ್ದು
ಯಾವ ಸೆನ್ಸಾರೂ ಬಿಡದ ಮಾತು.
ಯಾರೂ ಧಿಕ್ಕಾರ ಕೂಗಲಿಲ್ಲ.
ಎರಡು ವರ್ಷ ದೀಪ ಮುಟ್ಟಲಿಲ್ಲ.
ಆಮೇಲೊಂದು ಮಂಗಳವಾರ, ಯಾಕೋ,
ಅವಳು ಬತ್ತಿ ಹೊಸೆಯುತ್ತಿದ್ದಳು,
ಎಣ್ಣೆ ಬಗ್ಗಿಸಿದೆ.

ಈಗ ಇಂಟರ್‌ವಲ್.
ಕೂಗಿ ಕೂಗಿ ಒಣಗಿದ ಹುಡುಗನೊಬ್ಬ
ಗೇಟಿನ ಸಂದಿಯಲ್ಲಿ ಕೈಯೊಡ್ಡಿ ನೀರು ಕೇಳಿದ.
ಕೊಟ್ಟೆ.
ಬಾಯೊರೆಸಿಕೊಂಡು, ಮೆಲ್ಲಗೆ:
‘ಒಳಗೇನೈತೆ ಸಾರ್?’