ಇಪ್ಪತ್ಮೂರು ಬಾಕಿ

ಅಯ್ಯನಕೆರೆ ಏರಿ ಮೇಲೆ ಟ್ರೈಪಾಡು.
ಗಾಳಿಗೆ ಅಲುಗದಿರಲೆಂದು ಅದರ ಹೊಟ್ಟೆಗೆ
ಒಂದು ಚೀಲ ನೇತುಹಾಕಿದ್ದೇನೆ:
ಕಂಬದಿಂದಿಳಿಸಿದ ಒಡಕು ಪಿಂಗಾಣಿ ಬಟ್ಟಲು ನಾಲ್ಕು.
ಲೆನ್ಸಿಗೆ ಇಬ್ಬನಿ ಕೂರದಂತೆ
ಮಗಳ ಕಾಲುಚೀಲ.

ಕೃತ್ತಿಕೆ. ನಲವತ್ತು ಸಲ, ಮೂವತ್ತು ಸೆಕೆಂಡಿನಂತೆ.
ನನ್ನ ಕಣ್ಣಿಗೆ ಆರು, ಅಜ್ಜಿ ಎಣಿಸುತ್ತಿದ್ದದ್ದು ಏಳು,
ಪರದೆಯಲ್ಲಿ ಎಣಿಸುವುದನ್ನೇ ಬಿಟ್ಟೆ.

ಹದಿನೇಳನೆಯದು ಮುಗಿಯುವಾಗ
ಸಖರಾಯಪಟ್ಟಣ ಫಕ್ಕನೆ ಆರಿತು.
ಹಾಲಿನ ಕೆನೆ ಊದಿ ಸರಿಸಿದ ಹಾಗೆ
ಆಕಾಶದಂಚಿನ ಹಳದಿ ಹೋಯಿತು.
ಚುಕ್ಕಿಗಳ ನಡುವೆ, ಅಗೋ,
ನೀಲಿ ಹೊಗೆಯ ಒಂದೆಳೆ.

ಜೇಬಿನಲ್ಲಿ ಫೋನು ಗುರುಗುಟ್ಟಿತು:
"ಲೈನ್‌ಮನ್ ತಿಪ್ಪೇಶಣ್ಣ, ಕರೆಂಟ್ ಹೋಯ್ತು!
ಕಡೇ ಓವರು ಕಣಣ್ಣ, ಎಲ್ಲಿದೀಯ?"

"ಬಂದೆ, ಬಂದೆ" ಅಂದೆ,
ಕದಲದೆ.