ಐದು ಅಂಕದ ಪ್ರಶ್ನೆ

ಬಹರೈನಿನ ಹಿದ್ದ್‌ನಲ್ಲಿ, ಕಡಲಿನ ಅಂಚಿಗೆ, ರಾತ್ರಿ ಪಾಳಿಯಲ್ಲಿ,
ಕಿವಿಗೆ ಹಳದಿ ಬಿರಡೆ ಸಿಕ್ಕಿಸಿಕೊಂಡು
ನಾನು ಸಮುದ್ರದಿಂದ ಉಪ್ಪು ತೆಗೆಯುತ್ತೇನೆ.
ಆಪರೇಟರ್, ಗ್ರೇಡ್ ಮೂರು. ಬ್ಯಾಡ್ಜಿನಲ್ಲಿ ದೇವು ಎ. ಅಷ್ಟೇ.
ನೀರು ಪೊರೆ ದಾಟುತ್ತದೆ, ಉಪ್ಪು ದಾಟುವುದಿಲ್ಲ;
ದಾಟದ್ದನ್ನು ಕೊಳವೆಯಲ್ಲಿ ಮತ್ತೆ ಕಡಲಿಗೇ ಬಿಡುತ್ತೇವೆ.
ದಾಟಿ ಬಂದದ್ದು ಎಷ್ಟು ಶುದ್ಧವೆಂದರೆ ಬಾಯಿಗೆ ಹಿಡಿಸದು,
ಊರಿಗೆ ಕಳಿಸುವ ಮೊದಲು ಸುಣ್ಣ ಬೆರೆಸಬೇಕು.
ಗಂಟೆಗೊಮ್ಮೆ ಎದ್ದು ಮೀಟರು ನೋಡಿ
ಉಳಿದ ಉಪ್ಪಿನ ಲೆಕ್ಕ ಪುಸ್ತಕಕ್ಕೆ ಬರೆಯಬೇಕು.
ನಡುವಿನ ಐವತ್ತು ನಿಮಿಷ ನನ್ನವು.

ಆ ಐವತ್ತು ನಿಮಿಷದಲ್ಲಿ ಬಿ.ಎ. ಓದುತ್ತಿದ್ದೇನೆ,
ನಲವತ್ತೆರಡರ ವಯಸ್ಸಿನಲ್ಲಿ, ಅಂಚೆ ಮೂಲಕ.
ಆಧುನಿಕ ಕರ್ನಾಟಕದ ಇತಿಹಾಸ, ನಾಲ್ಕನೆಯ ಪತ್ರಿಕೆ.
ಪುಸ್ತಕ ಬಂದದ್ದು ಕುಮಟೆಯ ವಿನಾಯಕನ ಬ್ಯಾಗಿನಲ್ಲಿ,
ಒಣ ಶೆಟ್ಲಿ ಮೀನಿನ ಜೊತೆ. ಹಾಗಾಗಿ
ಕಮಿಷನರುಗಳ ಆಳ್ವಿಕೆಗೆ ಇವತ್ತಿಗೂ ಶೆಟ್ಲಿಯ ವಾಸನೆ.

ಕಷ್ಟವಾದದ್ದು ಇಸವಿಗಳಲ್ಲ, ನಕ್ಷೆ.
ನಮ್ಮೂರು ಅದರಲ್ಲಿ ಮೊದಲು ಮದರಾಸು, ಆಮೇಲೆ ಮುಂಬಯಿ,
ಆಮೇಲೆ ಮೈಸೂರು, ಆಮೇಲೆ ಕರ್ನಾಟಕ.
ನಮ್ಮವರು ನಿಂತಲ್ಲೇ ನಿಂತಿದ್ದರು,
ಮೊಣಕಾಲುದ್ದದ ಉಪ್ಪುನೀರಿನಲ್ಲಿ.

ಘಟಕ ಹನ್ನೊಂದರ ಕೊನೆಗೆ:
ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಬಗ್ಗೆ ಟಿಪ್ಪಣಿ ಬರೆಯಿರಿ. ಐದು ಅಂಕ.
ಉತ್ತರ ನೂರ ನಲವತ್ತಾರನೇ ಪುಟದಲ್ಲಿದೆ, ನೆಟ್ಟಗಿದೆ.
ಮೆರವಣಿಗೆ, ಬಾವುಟ, ಕಡಲ ನೀರು ತಂದು ಕಾಯಿಸಿದ್ದು,
ಚಿಟಿಕೆ ಉಪ್ಪಿನ ಹರಾಜು, ಸೆರೆಮನೆ.
ಓದುವಾಗ ನನಗೂ ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ.

ಆ ವರ್ಷ ನನ್ನಜ್ಜಿ ನಾಗಿಗೆ ಹನ್ನೆರಡು.
ಗಂಗಾವಳಿ ಹೊಳೆಯಾಚೆ, ಸಾಣಿಕಟ್ಟೆಯ ಆಗರದಲ್ಲಿ
ಹಲಗೆ ಹಿಡಿದು ಉಪ್ಪು ಎಳೆಯುತ್ತಿದ್ದಳು, ಸುಂಕದ ಉಪ್ಪು.
ನಾನು ಶಾಲೆಯ ಪಾಠ ಗಟ್ಟಿಯಾಗಿ ಓದುವುದು ಕೇಳಿ ನಕ್ಕಿದ್ದಳು:
“ಅವ್ರು ಒಂದಿನ ಉಪ್ಪು ಮಾಡೂಕೆ ಹೋದ್ರು, ಜೈಲಾಯ್ತು.
ನಾವು ದಿನಾ ಮಾಡ್ದ್ರೂ ಎಂತದೂ ಆಗ್ಲಿಲ್ಲ ಮಗಾ.”
ಸ್ವಲ್ಪ ಹೊತ್ತು ಬಿಟ್ಟು, ಹಿಮ್ಮಡಿಯ ಸೀಳಿಗೆ ಎಣ್ಣೆ ತಿಕ್ಕುತ್ತ:
“ಆದ್ರೂ ಆವತ್ತು ಪೋಲೀಸ್ರು ನಮ್ಮ ಬುಟ್ಟಿಗೂ ಹೆದರಿದ್ರು.”

ಇದನ್ನು ಮೆಕ್ಯಾನಿಕ್ ಸುರೂರನಿಗೆ ಹೇಳಿದೆ, ನನ್ನ ಹರಕು ಅರಬ್ಬಿಯಲ್ಲಿ.
ಅವನಜ್ಜ ಮುತ್ತಿಗೆಂದು ಮುಳುಗುತ್ತಿದ್ದವನು.
ಮುಂಗಡದ ಹಣ ನಾಖುದನ ಲೆಕ್ಕದಲ್ಲಿ,
ತೀರದೆ ಉಳಿದದ್ದು ಮಗನ ಹೆಸರಿಗೆ.
“ಅಜ್ಜನ ಹೆಸರಿದ್ದ ಪುಸ್ತಕ ಅದೊಂದೇ. ಅದೂ ಗೆದ್ದಲಿಗೆ ಹೋಯಿತು,”
ಎಂದು ಚಾ ಹೀರಿ,
ಐದನೇ ಪಂಪು ಯಾಕೋ ಕೂಗುತ್ತಿದೆಯೆಂದು ಎದ್ದು ಹೋದ.

ಲಾಗ್‌ಶೀಟಿನ ಬೆನ್ನಿಗೆ ಟಿಪ್ಪಣಿ ಬರೆಯತೊಡಗಿದೆ.
ಐದು ಅಂಕಕ್ಕೆ ಅರ್ಧ ಪುಟ ಸಾಕು, ಜಾಸ್ತಿ ಬರೆದರೆ
ಓದುವುದಿಲ್ಲವಂತೆ, ವಿನಾಯಕ ಹೇಳಿದ್ದಾನೆ.
ಮೇ ತಿಂಗಳಲ್ಲಿ ಕಾರವಾರದಲ್ಲಿ ಪರೀಕ್ಷೆ. ರಜೆ ಹದಿನೆಂಟೇ ದಿನ.
ಇಸವಿ ಬರೆದೆ. ಊರು ಬರೆದೆ. ಮೆರವಣಿಗೆ ಹೊರಡಿಸಿದೆ.
ಅಜ್ಜಿಯನ್ನು ಎಲ್ಲಿ ನಿಲ್ಲಿಸುವುದೆಂದು ತಿಳಿಯದೆ ಕೂತಿದ್ದಾಗ
ಮೂರರ ಅಲಾರಂ ಹೊಡೆಯಿತು.

ಬೆಳಿಗ್ಗೆ ಇಂಜಿನಿಯರ್ ಕರೆಸಿದರು. ಲೆಕ್ಕದ ಪುಸ್ತಕ ತೆರೆದಿತ್ತು.
ಮೂರು ಗಂಟೆಯ ಸಾಲಿನಲ್ಲಿ, ಉಪ್ಪಿನ ಕಾಲಮ್ಮಿನಲ್ಲಿ,
ನನ್ನದೇ ಕೈಬರಹ: 1930.
“ಕುಡಿಯುವ ನೀರಿಗೆ ಇಷ್ಟು ಉಪ್ಪು ಎಲ್ಲಿಂದ ಬಂತು?”
ಅಂಕೋಲೆಯಿಂದ ಎನ್ನಲೆ?
ತಪ್ಪಾಯ್ತು ಸರ್ ಎಂದೆ.

ವೈಟ್ನರ್ ಹಚ್ಚುವಂತಿಲ್ಲ ಇಲ್ಲಿ, ನಿಯಮವಿದೆ.
ತಪ್ಪಿನ ಮೇಲೆ ಒಂದೇ ಗೆರೆ, ಅಡಿಯಲ್ಲಿರುವುದು ಓದಲು ಬರುವಂತೆ;
ಪಕ್ಕದಲ್ಲಿ ಸರಿಯಾದ ಅಂಕಿ, ತಿದ್ದಿದವನ ಪೂರ್ತಿ ಹೆಸರು.
ಗೆರೆ ಎಳೆದೆ. 212 ಎಂದು ಬರೆದೆ.
ಮುಂದೆ, ಉಳಿದ ಇಕ್ಕಟ್ಟು ಜಾಗದಲ್ಲಿ, ಕನ್ನಡದಲ್ಲೇ,
ದೇವು ಬೊಮ್ಮ ಆಗೇರ.